ರಕ್ತಕಣದ ಜಾತಿ ನೋಡುತ್ತಿದ್ದ ನಮ್ಮ ಭಾವ

ನಮ್ಮ ಭಾವ ಮಹಾಲಿಂಗೇಶ್ವರ ಭಟ್ಟರು ಪ್ರತಿ ಮಂಗಳವಾರ ಬೆಳಗ್ಗೆ ಬಂಟ್ವಾಳ ಪೇಟೆಯ ಮಾಂಸದಂಗಡಿಯ ಎದುರು, ಅಂಗಡಿಗೆ ಬೆನ್ನು ಹಾಕಿ, ಕೊಡೆ ಊರಿಕೊಂಡು ನಿಲ್ಲುತ್ತಿದ್ದರು. ಹಾಗೆ ಆರು ವರ್ಷ ನಿಂತರು. ಹಣೆಯಲ್ಲಿ ಗಂಧ, ಕೈಯಲ್ಲಿ ಬಟ್ಟೆಯ ಚೀಲ. ಅಂಗಡಿಯ ಇದಿನಬ್ಬ ಹಿಂದಿನಿಂದ ಬಂದು ಚೀಲದೊಳಗೆ ಏನೋ ಇಡುತ್ತಿದ್ದ. ಭಾವ ತಿರುಗಿ ನೋಡದೆ ಮಂಗಳೂರಿನ ಬಸ್ಸು ಹತ್ತುತ್ತಿದ್ದರು. ಇಷ್ಟನ್ನು ಕಣ್ಣಾರೆ ಕಂಡ ಊರಿಗೆ ಉಳಿದದ್ದನ್ನು ಊಹಿಸಲು ಏನೂ ಕಷ್ಟವಾಗಲಿಲ್ಲ.

ನಾನು ಅವರ ಹೆಂಡತಿ ವಾಗ್ದೇವಿಯ ತಮ್ಮ, ಕೇಶವಪ್ರಸಾದ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ನಮ್ಮ ಮನೆಮಾತು ಹವ್ಯಕ ಭಾಷೆ. ಅದನ್ನು ಇದ್ದ ಹಾಗೇ ಬರೆದರೆ ಘಟ್ಟದ ಮೇಲಿನವರು ಅರ್ಧಕ್ಕೇ ಪುಸ್ತಕ ಮಡಚಿಡುತ್ತಾರೆ, ಹಾಗಾಗಿ ಮಾತನ್ನೆಲ್ಲ ಪೇಟೆಯ ಕನ್ನಡಕ್ಕೆ ತಂದಿದ್ದೇನೆ. ಅಕ್ಕನ ಗಂಡನನ್ನು ಹೊಗಳುವ ಅಭ್ಯಾಸ ನಮ್ಮ ಕುಟುಂಬದಲ್ಲಿ ಇಲ್ಲ. ನಾನೂ ಅದನ್ನು ಹೊಸತಾಗಿ ಶುರು ಮಾಡುವುದಿಲ್ಲ.

ಭಾವನಿಗೆ ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಆಸ್ಪತ್ರೆಯ ಹೆಸರು ಬೇಡ. ಸಣ್ಣ ಮಕ್ಕಳಿಗೆ ರಕ್ತದ ಕ್ಯಾನ್ಸರು ಬಂದಾಗ, ಕೆಟ್ಟುಹೋದ ಬಿಳಿಕಣಗಳು ಯಾವ ಜಾತಿಯವು ಎಂದು ಪತ್ತೆ ಮಾಡುವುದು ಅವರ ಕೆಲಸ. ಕಣ್ಣಿಗೆ ಎಲ್ಲ ಕಣಗಳೂ ಒಂದೇ ತರ ಕಾಣುತ್ತವೆ. ಆದರೆ ‘ಟಿ’ ಎಂಬ ಜಾತಿಯ ಕಣಕ್ಕೆ ಒಂದು ವಿಚಿತ್ರ ಗುಣ ಉಂಟು. ಕುರಿಯ ಕೆಂಪು ರಕ್ತಕಣಗಳು ಸಿಕ್ಕಿದರೆ ಅವನ್ನು ಮೈಸುತ್ತ ಅಂಟಿಸಿಕೊಂಡುಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಒಂದು ಬಿಳಿ, ಸುತ್ತ ಕೆಂಪು, ಹೂವಿನ ಹಾಗೆ. ಹೂ ಕಟ್ಟಿದರೆ ಟಿ, ಕಟ್ಟದಿದ್ದರೆ ಬೇರೆ. ಟಿ ಆದರೆ ರೋಗ ಹಟಮಾರಿ. ಮೊದಲ ದಿನದಿಂದಲೇ ಜೋರು ಮದ್ದು ಬೇಕು, ಬೊಂಬಾಯಿಗೂ ಕಳಿಸಬೇಕು. ಬೇರೆಯಾದರೆ ಮಾಮೂಲು ಮದ್ದು ಸಾಕು. ಎದುರಿಗಿರುವವನ ಜಾತಿ ವಿಚಾರಿಸದೆ ಒಂದು ಲೋಟ ನೀರು ಕುಡಿಯದ ನಮ್ಮ ಭಾವನಿಗೆ ಹೇಳಿ ಮಾಡಿಸಿದ ಉದ್ಯೋಗವೇ ಸಿಕ್ಕಿತ್ತು.

ಅದಕ್ಕೆ ಬೇಕಾದ ಕುರಿಯ ರಕ್ತ ಮಾತ್ರ ಇದಿನಬ್ಬನ ಅಂಗಡಿಯಿಂದ ಬರಬೇಕಿತ್ತು. ರಕ್ತ ಹೆಪ್ಪುಗಟ್ಟದ ಹಾಗೆ ಮದ್ದಿನ ನೀರು ಹಾಕಿದ ಬಾಟಲಿಯನ್ನು ಭಾವ ಹಿಂದಿನ ದಿನವೇ ಕೊಟ್ಟಿರುತ್ತಿದ್ದರು. ಕಡಿಯುವುದನ್ನು ಅವರು ನೋಡುವುದಿಲ್ಲ. ಸತ್ತ ಪ್ರಾಣಿಯನ್ನೂ ನೋಡುವುದಿಲ್ಲ. ಸಂಜೆ ಮನೆಗೆ ಬಂದರೆ ಅಕ್ಕ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಹೊಯ್ಯದೆ ಒಳಗೆ ಬಿಡುತ್ತಿರಲಿಲ್ಲ. ಇಷ್ಟಾದರೂ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಪಕ್ಕದವರು ಎಲೆಯನ್ನು ಸ್ವಲ್ಪ ಆಚೆಗೆ ಎಳೆದುಕೊಳ್ಳತೊಡಗಿದರು. ಒಮ್ಮೆ ಭಾವ ತಾಳ್ಮೆ ಕೆಟ್ಟು, ಕುರಿಯ ರಕ್ತವನ್ನು ಮನುಷ್ಯನ ರಕ್ತಕ್ಕೆ ಸೇರಿಸಿ ನೋಡುವ ಕ್ರಮವನ್ನು ಎಲ್ಲರಿಗೂ ವಿವರಿಸಿ ಹೇಳಿದರು. ಅಲ್ಲಿಯವರೆಗೆ ಕದ್ದು ಮಾಂಸ ತಿನ್ನುವ ಭಟ್ಟ ಎಂದಷ್ಟೇ ಇದ್ದ ಹೆಸರು ಆಮೇಲೆ ಮಾಟ ಮಾಡುವ ಭಟ್ಟ ಎಂದಾಯಿತು.

ಕೆಲಸದಲ್ಲಿ ಮಾತ್ರ ಅವರದ್ದು ಒಂದು ಕಟ್ಟುನಿಟ್ಟು. ಬಾಟಲಿಯ ರಕ್ತ ಸರಿ ಉಂಟೋ ಇಲ್ಲವೋ ಎಂದು ತಿಳಿಯಲು, ಮಗುವಿನ ರಕ್ತದ ಜೊತೆಗೆ ಆರೋಗ್ಯವಂತರ ರಕ್ತವನ್ನೂ ಇಟ್ಟು ನೋಡಬೇಕು. ಅದರಲ್ಲಿ ನೂರಕ್ಕೆ ಅರುವತ್ತು ಎಪ್ಪತ್ತು ಹೂ ಕಟ್ಟಲೇಬೇಕು. ಕಟ್ಟದಿದ್ದರೆ ಬಾಟಲಿಯಲ್ಲೇ ದೋಷ. ಭಾವ ಪ್ರತಿ ಸಲ ತಮ್ಮ ತೋಳಿನಿಂದಲೇ ರಕ್ತ ತೆಗೆಯುತ್ತಿದ್ದರು. ಬೇರೆಯವರದ್ದು ಆಗುವುದಿಲ್ಲವಂತೆ, ಬೇರೆಯವರು ಏನು ತಿಂದಿರುತ್ತಾರೋ ಯಾರಿಗೆ ಗೊತ್ತು. ರಕ್ತಕ್ಕೂ ಮಡಿ ಮಾಡಿದ ಮನುಷ್ಯ ಅವರೊಬ್ಬರೇ ಇರಬೇಕು.

ಎಂಬತ್ತಮೂರನೆಯ ಇಸವಿಯ ಜುಲೈ ತಿಂಗಳು. ಮುಂಡಾಜೆಯ ಪೋಸ್ಟ್‌ಮ್ಯಾನ್ ಮುಂಡಪ್ಪ ತನ್ನ ಎಂಟು ವರ್ಷದ ಮಗಳು ಶ್ರೀಮತಿಯನ್ನು ಎತ್ತಿಕೊಂಡು ಆ ಆಸ್ಪತ್ರೆಗೆ ಬಂದ. ಕುತ್ತಿಗೆಯಲ್ಲಿ ಗಂಟುಗಳು, ಮೈಮೇಲೆ ನೀಲಿ ಕಲೆಗಳು, ಇಳಿಯದ ಜ್ವರ. ಬುಧವಾರ ಡಾಕ್ಟರು ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದರು. ಕ್ಯಾನ್ಸರು ಹೌದು. ಜಾತಿ ನೋಡಲು ಮಜ್ಜೆ ಭಾವನ ಮೇಜಿಗೆ ಬಂತು.

ಮರುದಿನ ಗುರುವಾರ ಭಾವನ ಅಪ್ಪನ ಶ್ರಾದ್ಧ. ಹಿಂದಿನ ದಿನ ಒಪ್ಪತ್ತು. ಒಂದೇ ಊಟ, ಕ್ಷೌರ ಇಲ್ಲ, ಮೈಯಿಂದ ರಕ್ತ ಬೀಳಬಾರದು. ಹಾಗೆ ಅವರ ಅಪ್ಪ ಹೇಳಿಕೊಟ್ಟದ್ದು. ಅಪ್ಪನ ಶ್ರಾದ್ಧಕ್ಕೆ ಅಪ್ಪನ ಮಾತನ್ನೇ ಮೀರುವುದು ಹೇಗೆ? ತಮ್ಮ ತೋಳಿನ ರಕ್ತ ತೆಗೆಯಲಿಲ್ಲ. ಪಕ್ಕದ ಮೇಜಿನವರನ್ನು ಕೇಳಬಹುದಿತ್ತು, ಕೇಳಲಿಲ್ಲ. ಆರು ವರ್ಷ ತಪ್ಪದೆ ಹೂ ಕಟ್ಟಿದ ರಕ್ತ, ಒಂದು ದಿನ ನೋಡದಿದ್ದರೆ ಏನು ಎಂದುಕೊಂಡರು. ಮಗುವಿನ ಕಣಗಳನ್ನು ಕುರಿಯ ರಕ್ತದ ಜೊತೆ ಎರಡು ಗಂಟೆ ಮಂಜುಗಡ್ಡೆಯ ಮೇಲಿಟ್ಟು ಎಣಿಸಿದರು. ಇನ್ನೂರರಲ್ಲಿ ಹೂ ಕಟ್ಟಿದ್ದು ಮೂರೇ. ‘ಟಿ ಅಲ್ಲ’ ಎಂದು ಚೀಟಿ ಬರೆದುಕೊಟ್ಟು, ಬಂಟ್ವಾಳಕ್ಕೆ ಬಂದು, ಶುದ್ಧವಾಗಿ ಶ್ರಾದ್ಧ ಮಾಡಿದರು. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಆ ಹುಡುಗಿಗೆ ಮಾಮೂಲು ಮದ್ದು ಶುರು ಮಾಡುವುದೆಂದು ನಿಶ್ಚಯವಾಗಿತ್ತು.

ಶ್ರಾದ್ಧದ ಊಟಕ್ಕೆ ನಾನೂ ಬಂದಿದ್ದೆ. ಶುಕ್ರವಾರ ಬೆಳಗ್ಗೆ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದಾಗ ಇದಿನಬ್ಬ ಅಂಗಡಿಯಿಂದ ಇಳಿದು ಬಂದ. ಅವನು ತುಳುವಿನಲ್ಲಿ ಹೇಳಿದ್ದು ಹೀಗೆ:

“ಮಂಗಳವಾರದ್ದು ಹೇಗಿತ್ತು ಭಟ್ರೇ? ನಿಮಗೆ ಅಂತ ಒಳ್ಳೆ ಮಾಲು ಹಾಕಿದ್ದೆ.”

“ಒಳ್ಳೆ ಮಾಲು ಅಂದ್ರೆ ಎಂತ?”

“ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಒಂದು ವಾರ ಆಯ್ತಲ್ಲ. ಕುರಿಯ ಲಾರಿ ಇಳಿಯಲೇ ಇಲ್ಲ. ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಆಡಿನದ್ದು ತುಂಬಿಸಿದೆ. ಕುರಿಗಿಂತ ಆಡು ಯಾವಾಗಲೂ ಮೇಲೆ ಭಟ್ರೇ, ರುಚಿ ತಿಂದವರನ್ನು ಕೇಳಿ.”

ಪಾಪ, ಅವನೂ ಊರಿನವನೇ ತಾನೆ. ಲ್ಯಾಬು ಗೀಬು ಎಂದು ಭಟ್ರು ಏನೇ ಹೇಳಲಿ, ಕೊನೆಗೆ ಅದು ಹೋಗುವುದು ಬಾಣಲೆಗೇ ಎಂದು ಅವನೂ ನಂಬಿದ್ದ. ಮರ್ಯಾದೆಯಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ, ಅಷ್ಟೇ.

ಭಾವನ ಮುಖದ ಬಣ್ಣ ಹೋಯಿತು. ಮನುಷ್ಯರ ಟಿ ಕಣ ಆಡಿನ ರಕ್ತಕ್ಕೆ ಹೂ ಕಟ್ಟುವುದಿಲ್ಲ. ಅವರು ತಮ್ಮ ರಕ್ತ ಇಟ್ಟು ನೋಡಿದ್ದರೆ ಅದರಲ್ಲೂ ಹೂ ಕಟ್ಟುತ್ತಿರಲಿಲ್ಲ, ಬುಧವಾರವೇ ಗುಟ್ಟು ಹೊರಬೀಳುತ್ತಿತ್ತು. ಈಗ ಆ ಚೀಟಿಗೆ ಅರ್ಥವೇ ಇಲ್ಲ. ಹುಡುಗಿಯದು ಟಿ ಆಗಿದ್ದರೆ ಎರಡು ಗಂಟೆಗೆ ಅವಳಿಗೆ ಸಾಲದ ಮದ್ದು ಶುರುವಾಗುತ್ತದೆ. ರೋಗ ಒಮ್ಮೆ ಬಗ್ಗಿದ ಹಾಗೆ ಮಾಡಿ ಮತ್ತೆ ಎದ್ದರೆ ಆಮೇಲೆ ಯಾರ ಕೈಯಲ್ಲೂ ಇಲ್ಲ.

“ಇದಿನಬ್ಬ, ಈಗ ಎಲ್ಲಿಯಾದರೂ ಒಂದು ಕುರಿ ಉಂಟಾ? ಕುರಿಯೇ ಆಗಬೇಕು. ಮುಂಡಾಜೆಯ ಒಂದು ಮಗುವಿನ ಜೀವದ ವಿಷಯ.”

ಇದಿನಬ್ಬ ಅವರ ಮುಖವನ್ನೇ ನೋಡಿದ. ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ನಂಬಿಕೆ ಬಂದಿರಬೇಕು. ವಾಮದಪದವಿನಲ್ಲಿ ಅವನ ತಂಗಿ ಜುಲೈಕಾ ಬಕ್ರೀದಿಗೆಂದು ಒಂದು ಕುರಿ ಸಾಕಿದ್ದಳು. ಗಂಡ ಅಬ್ದುಲ್ಲ ಗಲ್ಫಿನಲ್ಲಿ. ಇದಿನಬ್ಬ ದಾರಿಯಲ್ಲಿ ಹೋಗುತ್ತಿದ್ದ ಜೀಪಿಗೆ ಕೈ ತೋರಿಸಿ ನಿಲ್ಲಿಸಿ, ನಮ್ಮಿಬ್ಬರನ್ನೂ ಹತ್ತಿಸಿ ತಾನೂ ಹತ್ತಿದ. ನನಗೆ ಅಂದು ಮೊದಲ ಪಿರಿಯಡ್ ಹತ್ತನೆಯ ತರಗತಿಗೆ ಬೀಜಗಣಿತ. ಅದನ್ನು ಹೇಳಲು ಬಾಯಿ ತೆರೆದೆ, ಭಾವನ ಮುಖ ನೋಡಿ ಮುಚ್ಚಿದೆ.

ಜುಲೈಕಾಳ ಅಂಗಳದಲ್ಲಿ ಇದಿನಬ್ಬನೇ ಅಳುಕಿದ. “ಕುರ್ಬಾನಿಗೆ ಇಟ್ಟದ್ದು. ಗಾಯ ಆದರೆ ಆಗುವುದಿಲ್ಲ ಅಲ್ವಾ?”

“ಸೂಜಿಯ ತೂತು ಎಂತ ಗಾಯ?” ಎಂದಳು ಜುಲೈಕಾ. “ಮಗುವಿಗಲ್ವಾ? ತೆಗೀಲಿ. ಗಲ್ಫಿನಿಂದ ಇವರು ಕೇಳಿದ್ರೆ ನಾನು ಹೇಳ್ತೇನೆ.”

ಅಲ್ಲಿನ ಕಂಪೌಂಡರನಿಂದ ಸಿರಿಂಜು ತಂದದ್ದಾಯಿತು. ನಮ್ಮ ಭಾವ, ಹಿಂದಿನ ದಿನವಷ್ಟೇ ಪಿಂಡ ಇಟ್ಟ ಕೈಯಲ್ಲಿ, ಕುರಿಯನ್ನು ಮೊಣಕಾಲುಗಳ ನಡುವೆ ಇರುಕಿಸಿ ಕೂತರು. ಇದಿನಬ್ಬ ತಲೆ ಹಿಡಿದ. ಹಿಂಗಾಲು ನನಗೆ ಬಂತು. ಕುರಿ ಒದ್ದದ್ದು ನನ್ನ ಮೊಣಕಾಲಿಗೆ, ಗಂಜಲ ಬಿಟ್ಟದ್ದು ನನ್ನ ಪಂಚೆಗೆ. ಭಾವ ಯಾವುದನ್ನೂ ಗಮನಿಸಲಿಲ್ಲ. ಕುತ್ತಿಗೆಯ ಉಣ್ಣೆ ಸರಿಸಿ, ನರ ಹುಡುಕಿ, ಚೀಲದಲ್ಲಿ ಸದಾ ಇರುತ್ತಿದ್ದ ಮದ್ದಿನ ನೀರಿನ ಬಾಟಲಿಯನ್ನು ನೋಡುತ್ತ ನೋಡುತ್ತಲೇ ತುಂಬಿಸಿದರು. ಮಡಿಯ ಮಾತು ಬರಲೇ ಇಲ್ಲ. ಜುಲೈಕಾ ಕೊಟ್ಟ ನೀರನ್ನು ಗಟಗಟ ಕುಡಿದು ಜೀಪು ಹತ್ತಿದರು.

ಆಸ್ಪತ್ರೆ ಮುಟ್ಟುವಾಗ ಹನ್ನೆರಡೂವರೆ. ಡಾಕ್ಟರ ಕೋಣೆಯಲ್ಲಿ ಮುಂಡಪ್ಪನೂ ಇದ್ದ. ಖಾಕಿ ಅಂಗಿ, ನಿದ್ದೆಗೆಟ್ಟ ಕಣ್ಣು. ಹೊರಗೆ ಕರೆದು ಹೇಳಬಹುದಿತ್ತು. ಭಾವ ಅವನ ಎದುರೇ ಹೇಳಿದರು: ಕುರಿಯದ್ದೆಂದು ಇಟ್ಟು ನೋಡಿದ್ದು ಆಡಿನ ರಕ್ತ, ಚೀಟಿ ತಪ್ಪು, ಮಜ್ಜೆ ಉಳಿದಿಲ್ಲ, ಇನ್ನೊಮ್ಮೆ ತೆಗೆಯಬೇಕು.

ಡಾಕ್ಟರು ಒಳ್ಳೆಯವರು. ಮೆಲ್ಲಗೆ ಹೇಳಿದರು, “ಕುರಿಯ ರಕ್ತ ಕೆಟ್ಟಿತ್ತು ಅಂತ ಬರೆಯುವ, ಭಟ್ರೇ.”

“ರಕ್ತದ್ದು ತಪ್ಪಲ್ಲ. ಕೊಟ್ಟವನದ್ದೂ ಅಲ್ಲ. ನನ್ನ ರಕ್ತ ಇಟ್ಟು ನೋಡಬೇಕಿತ್ತು, ನಾನು ನೋಡಲಿಲ್ಲ. ಹಾಗೇ ಬರೆಯಿರಿ.”

ಮುಂಡಪ್ಪನಿಗೆ ಹೂವು, ಕುರಿ ಯಾವುದೂ ತಲೆಗೆ ಹೋಗಲಿಲ್ಲ. ಇನ್ನೊಮ್ಮೆ ಚುಚ್ಚಬೇಕು ಎಂಬುದಷ್ಟೇ ಹೋಯಿತು.

“ಮೊನ್ನೆ ಅವಳು ಕೂಗಿದ್ದು ನೀವು ಕೇಳಿದ್ದೀರಾ?” ಎಂದು ಭಾವನನ್ನು ಕೇಳಿದ.

“ಇಲ್ಲ.”

“ಇವತ್ತು ಬಂದು ಕೇಳಿ.”

ಭಾವ ಹೋದರು. ಆ ಕೋಣೆಯ ಬಾಗಿಲಲ್ಲಿ ಮುಗಿಯುವ ತನಕ ನಿಂತರು. ನಾನು ಕಾರಿಡಾರಿನ ಕೊನೆಗೆ ಹೋದೆ, ಆದರೂ ಕೇಳಿಸಿತು. ಎಷ್ಟು ಕೂಗಿದಳೆಂದು ಬರೆಯುವುದು ನನ್ನಿಂದಾಗದು. ಸಂಜೆ ಐದು ಗಂಟೆಗೆ ಎಣಿಸಿ ಮುಗಿಯಿತು. ಭಾವನ ರಕ್ತದಲ್ಲಿ ನೂರಕ್ಕೆ ಅರುವತ್ತೆಂಟು ಹೂ. ಹುಡುಗಿ ಶ್ರೀಮತಿಯದರಲ್ಲಿ ಎಪ್ಪತ್ತೊಂದು. ಟಿ.

ಡಾಕ್ಟರು ಮದ್ದು ಬದಲಿಸಿದರು, ಮುಂದಿನ ವಾರ ಬೊಂಬಾಯಿಗೆ ಕಾಗದ ಕೊಟ್ಟು ಕಳಿಸಿದರು. ಮುಂಡಪ್ಪ ಮತ್ತೆ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಬೊಂಬಾಯಿಯಿಂದಲೂ ಸುದ್ದಿ ಬರಲಿಲ್ಲ. ಬಂಟ್ವಾಳದಿಂದ ಮುಂಡಾಜೆ ಎಷ್ಟು ದೂರ? ಬಸ್ಸು ಹತ್ತಿದರೆ ಒಂದೂವರೆ ಗಂಟೆ. ಭಾವ ಹೋಗಲಿಲ್ಲ. ಮದುವೆ ಮುಂಜಿ ಅಂತ ಆ ಕಡೆಯಿಂದ ಯಾರು ಕರೆದರೂ ಅಕ್ಕನೊಬ್ಬಳೇ ಹೋಗಿ ಬರಬೇಕು. “ಒಂದು ಕಾರ್ಡು ಬರೆದು ಕೇಳಿ” ಎಂದೆ ನಾನು. “ಆ ಊರಿನ ಕಾರ್ಡು ಹಂಚುವವನು ಅವನೇ” ಎಂದರು. ಮತ್ತೊಮ್ಮೆ ಒತ್ತಾಯ ಮಾಡಿದಾಗ ನಿಜ ಹೇಳಿದರು, “ಇಲ್ಲ ಅಂತ ಬರೆದರೆ ನಾನು ಎಂತ ಮಾಡುವುದು ಕೇಶವ?”

ಹಾಗೆ ಆರು ವರ್ಷ ಹೋಯಿತು. ಎಂಬತ್ತೊಂಬತ್ತರಲ್ಲಿ ಪರೀಕ್ಷೆಯ ಡ್ಯೂಟಿ ಮುಗಿಸಿ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವನು ಮುಂಡಪ್ಪ. ತಲೆ ನರೆತಿತ್ತು, ಆದರೂ ಗುರುತು ಸಿಕ್ಕಿತು. ಅವನಿಗೆ ನನ್ನ ಗುರುತಿಲ್ಲ, ಪರೀಕ್ಷೆಗೆ ಬಂದ ಮಾಸ್ಟ್ರು ಎಂದಷ್ಟೇ ಹೇಳಿಕೊಂಡೆ. ಮಕ್ಕಳು ಎಷ್ಟು, ಏನು ಓದುತ್ತಾರೆ ಎಂದು ಕೇಳಿದೆ.

“ಒಬ್ಬಳೇ ಮಗಳು ಮಾಸ್ಟ್ರೇ. ಒಂಬತ್ತನೆಯಲ್ಲಿ ಇದ್ದಾಳೆ. ಅವಳದ್ದು ದೊಡ್ಡ ಕಥೆ ಮಾರಾಯ್ರೇ” ಎಂದು ಶುರು ಮಾಡಿದ. ಬೊಂಬಾಯಿಯ ಡಾಕ್ಟರು ದೇವರು. ಮಂಗಳೂರಿನ ಡಾಕ್ಟರೂ ಅಡ್ಡಿಯಿಲ್ಲ. ಆದರೆ ಅಲ್ಲಿ ಲ್ಯಾಬಿನಲ್ಲಿ ಒಬ್ಬ ಭಟ್ಟ ಇದ್ದ, ಕೆಲಸ ಗೊತ್ತಿಲ್ಲದ ಪ್ರಾಣಿ, ಆಡು ಯಾವುದು ಕುರಿ ಯಾವುದು ತಿಳಿಯದವ, ನನ್ನ ಮಗಳ ಮೂಳೆಗೆ ಎರಡೆರಡು ಸಲ ಚುಚ್ಚಿಸಿದ. ಅವನ ಕೈಯಿಂದ ಪಾರಾಗಿ ಬಂದದ್ದೇ ನಮ್ಮ ಪುಣ್ಯ. ಹೀಗೆ ನನ್ನ ಬಸ್ಸು ಬರುವವರೆಗೂ ಬೈದ. ಆ ಭಟ್ಟ ಸುಮ್ಮನಿದ್ದಿದ್ದರೆ ನಿನ್ನ ಮಗಳು ಎಲ್ಲಿರುತ್ತಿದ್ದಳು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೂಡುಬಿದಿರೆಯ ಬಸ್ಸು ಬಿಟ್ಟು ಬಂಟ್ವಾಳದ್ದು ಹತ್ತಿದೆ.

ಭಾವ ಚಾವಡಿಯಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿದೆ, ಬೈದದ್ದನ್ನೂ ಒಂದಕ್ಷರ ಬಿಡದೆ. ಅಕ್ಕ ಒಳಗಿಂದ ಬಂದು ರೇಗಿದಳು. “ಇವರು ಆವತ್ತು ಬಾಯಿ ಬಿಡದಿದ್ದರೆ ಆ ಮಗು ಇರ್ತಿತ್ತಾ? ಅವನಿಗೆ ಹೇಳಿ ಬರಬೇಕಿತ್ತು ನೀನು.”

“ಎಂತ ಹೇಳುವುದು? ಅವನು ಹೇಳಿದ್ದರಲ್ಲಿ ಸುಳ್ಳು ಯಾವುದುಂಟು?” ಎಂದರು ಭಾವ. “ಎರಡು ಸಲ ಚುಚ್ಚಿಸಿದ್ದು ನಾನೇ.”

ಅಕ್ಕ ಧುಮುಗುಟ್ಟುತ್ತ ಒಳಗೆ ಹೋದಳು. ಭಾವ ನನ್ನ ಹತ್ತಿರ ಸರಿದು ಕೂತರು.

“ಬೈದನಾ ಕೇಶವ? ಸರಿಯಾಗಿ ಬೈದನಾ?”

“ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಬೈದ.”

“ಬೈಯಲಿ” ಎಂದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಹುಡುಗಿ ಎಷ್ಟನೆಯ ಕ್ಲಾಸು ಅಂದೆ? ಇನ್ನೊಮ್ಮೆ ಹೇಳು.”