ಬೆರಳು ಕಚ್ಚಿದ ಕಾಲುಂಗುರ

ನನ್ನ ಕಾಲುಂಗುರಕ್ಕೆ ಕತ್ತರಿ ಇಟ್ಟ ಬಾದಾಮಿಯ ಬೆಳ್ಳಿ ಅಂಗಡಿಯ ಪತ್ತಾರರು ಕೈ ಹಿಂದೆಗೆದರು. “ಬಸುರಿ ಹೆಣ್ಮಗಳ ಕಾಲುಂಗುರ ಹೆಂಗ ಕತ್ತರಿಸ್ಲಿ, ಅವ್ವಾರ?”

ತುಂಬು ತಿಂಗಳಲ್ಲಿ ಕಾಲು ಬಾತು, ಉಂಗುರ ಕಚ್ಚಿದ ಬೆರಳು ನೀಲಿಗಟ್ಟಿತ್ತು. ಎಣ್ಣೆ, ಸಾಬೂನು ಯಾವುದಕ್ಕೂ ಅದು ಜಗ್ಗಿರಲಿಲ್ಲ. ಮಾವ ತೀರಿಕೊಂಡಂದೇ ತಮ್ಮ ಕಾಲುಂಗುರ ಕಳಚಿಟ್ಟಿದ್ದ ಅತ್ತೆ, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಗದರಿದರು: “ಉಂಗುರ ಹೋದ್ರ ಮತ್ತ ಮಾಡಿಸಿದ್ರಾತು. ಬೆರಳು ಹೋದ್ರ ನೀವು ಮಾಡಿಕೊಡ್ತೀರೇನು? ಕತ್ತರಿಸ್ರಿ!”

ಮಗಳು ಹುಟ್ಟಿ ಬಾವು ಇಳಿದರೂ ಪಾದ ಮೊದಲಿಗಿಂತ ಅಗಲವಾಗಿಯೇ ಉಳಿಯಿತು. ಅದಕ್ಕೆ ತಕ್ಕ ಹೊಸ ಕಾಲುಂಗುರ ಬಂದಾಗ, ತೊಡಿಸಲೆಂದು ಪಕ್ಕದ ಮನೆಯ ಮುತ್ತೈದೆಯನ್ನು ಕರೆತರಲು ಅತ್ತೆ ಎದ್ದರು. ನಾನು ಅವರ ಕೈ ಹಿಡಿದು ಕೂರಿಸಿ, ಅದೇ ತೊಡೆಯ ಮೇಲೆ ಕಾಲಿಟ್ಟೆ.