ಅರಗಿನ ಹಿಡಿ

ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ಬಂದ ದೋಣಿಯನ್ನು ಕಂಡದ್ದೇ ತಡ, ಚಲುವಯ್ಯ ಪಕ್ಕಕ್ಕೆ ತಿರುಗಿ ಥೂ ಎಂದು ಉಗಿದ. ಅವನು ಉಗಿಯುವುದು ಹೊಸದೇನಲ್ಲ. ಡೇರಿಯಲ್ಲಿ ಹಾಲಿಗೆ ನೀರು ಬೆರೆಸುವವರನ್ನು ಕಂಡರೆ ಉಗಿಯುತ್ತಾನೆ. ಹುಲಿಬಂಡೆ ಕೆರೆಗೆ ಪ್ಲಾಸ್ಟಿಕ್ ಲೋಟ ಎಸೆಯುವವರನ್ನು ಕಂಡರೆ ಉಗಿಯುತ್ತಾನೆ. ಟೀವಿಯಲ್ಲಿ ಭಾಷಣ ಶುರುವಾದರಂತೂ ಎದ್ದು ಅಂಗಳಕ್ಕೆ ಹೋಗಿ, ಉಗಿದು, ಮತ್ತೆ ಬಂದು ಕೂರುತ್ತಾನೆ. ಮರಳವಾಡಿ ಸುತ್ತಿನ ಜನ ಹಿಂದಿನಿಂದ ಅವನನ್ನು ಥೂ ಚಲುವಯ್ಯ ಎಂದೇ ಕರೆಯುವುದು. ಆದರೆ ಆವತ್ತಿನ ಥೂ ಇದೆಯಲ್ಲ, ಅದು ಹೊಟ್ಟೆಯ ತಳದಿಂದ ಬಂದದ್ದು.

ದೋಣಿ ಕಡುಕೆಂಪು. ಎರಡೂ ಪಕ್ಕಕ್ಕೆ ಬೆಂಕಿಯ ನಾಲಿಗೆಗಳ ಚಿತ್ರ. ಮೂತಿಯ ಹತ್ತಿರ ನಾಲ್ಕು ಸ್ಪೀಕರ್, ಸುತ್ತ ಬಣ್ಣದ ಲೈಟು. ಹಿಂಬದಿಯಲ್ಲಿ ಎಮ್ಮೆಕರುವಿನ ಗಾತ್ರದ ಇಂಜಿನ್ ನೇತಾಡುತ್ತಿತ್ತು. ಕೆರೆಯ ದಡದ ರೆಸಾರ್ಟಿನ ಮಾಲೀಕ ದೇವರಾಜ್ ಅದರ ಮೇಲೆ ನಿಂತು ಹಲ್ಲು ಕಿರಿಯುತ್ತಿದ್ದ.

“ಎಂಗೈತೆ ಚಲುವಣ್ಣ?”

“ಎಂಗೈತೆ ಅಂತ ಏಳ್ಲಿ? ಐಸ್‌ಕ್ರೀಮ್ ಗಾಡಿ ತಂದಂಗೈತೆ.”

ದೇವರಾಜ್ ನಕ್ಕ. ಅವನಿಗೆ ಎಲ್ಲದಕ್ಕೂ ನಗು. ಅವನ ಆಸೆ ಇಷ್ಟೇ: ಬೆಂಗಳೂರಿನಿಂದ ಬರುವವರಿಗೆ ವಾಟರ್ ಸ್ಕೀ ಆಡಿಸಬೇಕು. ಕಾಲಿಗೆ ಎರಡು ಹಲಗೆ ಸಿಕ್ಕಿಸಿಕೊಂಡು, ದೋಣಿಗೆ ಕಟ್ಟಿದ ಹಗ್ಗ ಹಿಡಿದು, ದೋಣಿ ಎಳೆದ ಹಾಗೆ ನೀರಿನ ಮೇಲೆ ನಿಂತು ಜಾರುವ ಆಟ. ಈ ಸುತ್ತಿನಲ್ಲಿ ಅದನ್ನು ಕಣ್ಣಾರೆ ಕಂಡವನೆಂದರೆ ಚಲುವಯ್ಯ ಒಬ್ಬನೇ. ಹದಿನೆಂಟು ವರ್ಷ ಸೈನ್ಯದ ದೋಣಿ ತುಕಡಿಯಲ್ಲಿದ್ದವನು. ಅದಕ್ಕೇ ದೋಣಿ ಆರಿಸುವುದಕ್ಕೆ ಅವನನ್ನೂ ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ಕಡೆಯ ಊರಿಗೆ ಹೋಗಿದ್ದ.

ಅಲ್ಲಿ ಹಳೆಯ ದೋಣಿ ಮಾರುವ ಅಂಗಳದಲ್ಲಿ ಚಲುವಯ್ಯ ಒಂದರ ಕೆಳಗೆ ಅಂಗಾತ ಮಲಗಿ, ಹಸುವಿನ ಕೆಚ್ಚಲು ನೋಡುವ ಹಾಗೆ ಸವರಿ ಸವರಿ ನೋಡಿದ್ದ. ಮಾಸಿದ ಬಿಳಿ ದೋಣಿ, ತಗ್ಗು ಮೈ.

“ಇದು ಕಣಪ್ಪ ದೋಣಿ ಅಂದ್ರೆ. ನೋಡು, ಇದ್ರ ಫ್ಯಾನು ಹೊಟ್ಟೆ ಕೆಳಗೈತೆ, ಹಿಂದಕ್ಕೆ ಚಾಚ್ಕಂಡಿಲ್ಲ. ಬಿದ್ದೋರು ಹತ್ತೋವಾಗ ಕಾಲಿಗೆ ತಗಲಾಕಿಲ್ಲ. ಹಗ್ಗ ಕಟ್ಟಾಕೆ ನಡುಮಧ್ಯ ಕಂಬ ಐತೆ, ಎಳೆಯೋವಾಗ ದೋಣಿ ವಾಲಾಕಿಲ್ಲ. ಹಿಂದೆ ಏಳೋ ಅಲೆ ಗಿಡ್ಡ. ಕನ್ನಡಿ ಐತೆ. ಹಿಂದಕ್ಕೆ ಮೊಕ ಮಾಡ್ಕಂಡು ಕೂರಾಕೆ ಸೀಟೂ ಐತೆ.”

“ಹಿಂದಕ್ಕೆ ಮೊಕ ಮಾಡ್ಕಂಡು ಯಾರಣ್ಣ ಕೂತ್ಕತಾರೆ?”

“ಕಾಯೋನು. ಓಡ್ಸೋನು ಮುಂದೆ ನೋಡ್ಬೇಕು. ಇನ್ನೊಬ್ಬ ಹಗ್ಗ ಹಿಡ್ದೋರ ಮ್ಯಾಲೆ ಕಣ್ಣಿಟ್ಟಿರ್ಬೇಕು. ಒಬ್ನೇ ಎರಡೂ ಮಾಡಾಕಾಯ್ತದಾ?”

ದೇವರಾಜ್ ಬಿಳಿ ದೋಣಿಯನ್ನು ಒಂದು ಸುತ್ತು ಹಾಕಿ ಮೂಗು ಮುರಿದ. “ಮೊಕದಲ್ಲಿ ಕಳೆನೇ ಇಲ್ವಲ್ಲಣ್ಣ. ಫೋಟೋದಲ್ಲಿ ಚೆಂದಾಗಿ ಬರಾಕಿಲ್ಲ.” ಎಂದವನು, ಸಮುದ್ರದಲ್ಲಿ ಮೀನು ಹಿಡಿಯುವುದಕ್ಕೆಂದು ಮಾಡಿದ, ಹದಿನಾಲ್ಕು ಜನ ಕೂರುವ ಈ ಕೆಂಪು ಪೀಡೆಗೆ ಮನಸೋತ. ಕೇಳುವುದಕ್ಕೆ ಕರೆದುಕೊಂಡು ಹೋಗುವುದು, ಹೇಳಿದ್ದಕ್ಕೆ ಕಿವಿಗೊಡದಿರುವುದು! ಚಲುವಯ್ಯ ದಾರಿಯುದ್ದಕ್ಕೂ ಕಾರಿನ ಕಿಟಕಿಯಾಚೆ ಉಗಿಯುತ್ತಲೇ ಬಂದ.

ಇಷ್ಟಕ್ಕೇ ಉಗಿದು ಮನೆಗೆ ಹೋಗಿಬಿಡಬಹುದಿತ್ತು. ಮನೆಯಲ್ಲಿ ಹಿಪ್ಪುನೇರಳೆ ತೋಟವಿದೆ, ಕರೆಯುವ ಹಸು ಎರಡಿವೆ, ಯಾರ ಹಂಗೂ ಇಲ್ಲ. ಹೋಗದಿದ್ದದ್ದು ಭಾನುಪ್ರಿಯಳ ಕಾರಣಕ್ಕೆ. ತಮ್ಮ ಸ್ವಾಮಿಯ ಮಗಳು. ದೈಹಿಕ ಶಿಕ್ಷಣ ಓದಿ ಮುಗಿಸಿದ ಹುಡುಗಿ. ಆರನೇ ವರ್ಷದಲ್ಲಿ ಇದೇ ಕೆರೆಯಲ್ಲಿ ಅವಳಿಗೆ ಈಜು ಕಲಿಸಿದವನು ಚಲುವಯ್ಯನೇ. ದೇವರಾಜ್ ಅವಳನ್ನು ಸ್ಕೀ ಕಲಿಸುವ ಕೆಲಸಕ್ಕೆ ಸೇರಿಸಿಕೊಂಡು, ರಸ್ತೆಯ ಬದಿಗೆಲ್ಲ ಅವಳ ಫೋಟೋದ ಫ್ಲೆಕ್ಸ್ ಕಟ್ಟಿಸಿದ್ದ. ಹುಡುಗಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳಿಗೆ ಮೊದಲು ಕಲಿಸಬೇಕಾದವನು ಚಲುವಯ್ಯ, ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ಅವಳನ್ನು ಕಾಯಬೇಕಾದವನೂ ಅವನೇ.

ಕಲಿಸಿದ. ಮೊದಲ ಮೂರು ದಿನ ನೀರಿಗೇ ಇಳಿಸಲಿಲ್ಲ. ದಡದ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂರಿಸಿ, ಹಗ್ಗ ಕೊಟ್ಟು, ತಾನೇ ಎಳೆದು ಎಬ್ಬಿಸಿದ. ಕೆರೆಯಲ್ಲಿ ಎಲ್ಲೆಲ್ಲಿ ಬಂಡೆ ಮುಳುಗಿದೆಯೋ ಅಲ್ಲೆಲ್ಲ ಖಾಲಿ ಕ್ಯಾನು ತೇಲಿಬಿಟ್ಟು ಗುರುತು ಮಾಡಿದ. ತೇಲುವ ಜಾಕೆಟ್ಟಿನ ಬಕಲು ದಿನಾ ತನ್ನ ಕೈಯಾರೆ ಎಳೆದು ನೋಡುತ್ತಿದ್ದ. ಅವನು ನೂರು ಸಲ ಹೇಳಿದ ಮಾತು ಒಂದೇ: “ಬೀಳ್ತೀನಿ ಅನ್ನುಸ್ತೋ, ಹಗ್ಗ ಬುಟ್ಬುಡು ಮಗ. ಬಿದ್ಮೇಲಲ್ಲ, ಬೀಳೋಕ್ ಮುಂಚೆ. ಮ್ಯಾಕೆ ಬಂದೇಟ್ಗೆ ಎರಡೂ ಕೈ ಎತ್ತಿ ತೋರ್ಸು, ನಂಗೆ ಜೀವ ಬತ್ತದೆ.”

ಎಲ್ಲ ಸರಿಹೋಗುತ್ತಿತ್ತು, ಆ ಹಿಡಿಯೊಂದು ಬರದಿದ್ದರೆ. ಹಗ್ಗದ ತುದಿಗೆ ಅಡ್ಡಲಾಗಿ, ರಬ್ಬರ್ ಸುತ್ತಿದ ಹಿಡಿ ಇರಬೇಕು ಎಂದು ಚಲುವಯ್ಯ ಚೀಟಿಯಲ್ಲಿ ಬರೆದುಕೊಟ್ಟಿದ್ದ. ದೇವರಾಜನಿಗೆ ಅಲ್ಲೂ ಚೆಂದ ಬೇಕಾಯಿತು. ಚನ್ನಪಟ್ಟಣಕ್ಕೆ ಹೋಗಿ, ಬೊಂಬೆ ಮಾಡುವ ಹಬೀಬನ ಕೈಲಿ ಆಲೆಮರದ ಹಿಡಿ ಕಡೆಸಿ, ಅದಕ್ಕೆ ಕೆಂಪು ಹಳದಿ ಅರಗಿನ ಬಣ್ಣ ಕುಡಿಸಿ, ತಾಳೆಗರಿಯಲ್ಲಿ ತಿಕ್ಕಿಸಿ, ಕನ್ನಡಿಯಂತೆ ಹೊಳೆಸಿಕೊಂಡು ತಂದ. “ನೀರಿನಾಗೆ ಜಾರ್ತದೆ ಸಾರ್, ಬಣ್ಣ ಬ್ಯಾಡ” ಎಂದು ಪಾಪ ಹಬೀಬನೇ ಹೇಳಿದ್ದನಂತೆ. ಅದನ್ನೂ ದೇವರಾಜ್ ನಗುನಗುತ್ತಾ ವರದಿ ಮಾಡಿದ. ಚಲುವಯ್ಯ ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿದರೆ, ಬಣ್ಣ ಮುಚ್ಚಿಹೋಯಿತೆಂದು ಮಾರನೆಯ ದಿನ ಬಿಚ್ಚಿ ಎಸೆದಿದ್ದ. ಥೂ!

ದೋಣಿಯದು ದೈತ್ಯ ಇಂಜಿನ್ನು, ಓಡಿಸುವವನು ದೇವರಾಜನ ಭಾಮೈದ ಪ್ರಕಾಶ್. ಅವನಿಗೆ ನಿಧಾನವಾಗಿ ವೇಗ ಏರಿಸುವುದೆಂದರೆ ಅವಮಾನ. ಒಮ್ಮೆಲೇ ಜಗ್ಗುವನು. ಒದ್ದೆ ಕೈಯಿಂದ ಹಿಡಿ ಪಿಚಕ್ಕನೆ ಜಾರುವುದು, ಹುಡುಗಿ ನೀರಲ್ಲೇ ಉಳಿಯುವಳು. ಮೂರು ಸಲ ಹಾಗಾಯಿತು. ನಾಲ್ಕನೇ ಸಲ ಅವಳು ಎದ್ದು ನಿಂತಳು, ಸೊಗಸಾಗಿ ಒಂದು ಸುತ್ತು ಬಂದಳು. ಚಲುವಯ್ಯ ಹಿಗ್ಗಿದವನು, ಅವಳ ಎಡಗೈ ನೋಡಿ ತಣ್ಣಗಾದ. ಹಿಡಿಯ ಪಕ್ಕದ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು.

ಯಾರು ಹೇಳಿಕೊಟ್ಟರು ಎಂದು ಕೇಳುವುದೇ ದಂಡ. ದನ ಕಟ್ಟುವ ಮನೆಯಲ್ಲಿ ಹುಟ್ಟಿದವರೆಲ್ಲ ಹಗ್ಗ ಹಿಡಿಯುವುದು ಹಾಗೆಯೇ. ಎತ್ತು ಜಗ್ಗಿದರೆ ಕೈಗೆ ಸುತ್ತಿಕೋ, ಕಾಲು ಊರಿ ನಿಲ್ಲು. ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಆದರೆ ಕೂಗಿದರೆ ಎತ್ತು ನಿಲ್ಲುತ್ತದೆ. ಇಂಜಿನ್ ನಿಲ್ಲುವುದಿಲ್ಲ.

“ಸುತ್ಕಬ್ಯಾಡ ಕಣವ್ವ! ಕೈ ಹೊಂಟೋಯ್ತದೆ!”

ಭಾನುಪ್ರಿಯ ನೀರಲ್ಲೇ ತೇಲುತ್ತಾ ನಕ್ಕಳು. “ಸುತ್ಕಳ್ದಿದ್ರೆ ಜಾರ್ತದೆ ದೊಡ್ಡಪ್ಪ. ಬಾಂಬಿಗೇ ಹೆದರ್ದೇ ಇದ್ದೋನು ನೀನು, ಒಂದು ಹಗ್ಗಕ್ಕೆ ಹಿಂಗಾಡ್ತೀಯಲ್ಲ!”

ಚಲುವಯ್ಯ ಎಡಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

ಅವನ ಎಡಗೈಯಲ್ಲಿ ಮೂರೇ ಬೆರಳು. ಉಂಗುರದ ಬೆರಳು, ಕಿರುಬೆರಳು ಬುಡದಿಂದಲೇ ಇಲ್ಲ. ಗಡಿಯಲ್ಲಿ ಬಾಂಬು ಸಿಡಿದು ಹೋದವು ಎಂದು ಊರಿಗೆ ಊರೇ ನಂಬಿದೆ. ಇಪ್ಪತ್ತಾರು ವರ್ಷದಿಂದ ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯವರು ಕರೆದು ಶಾಲು ಹೊದಿಸುತ್ತಾರೆ, ಮಕ್ಕಳು ಆ ಕೈ ಮುಟ್ಟಿ ನಮಸ್ಕಾರ ಮಾಡುತ್ತವೆ. ಅವನು ಗಡಿಯ ಮುಖವನ್ನೇ ನೋಡಿದವನಲ್ಲ. ಒಂದು ಭಾನುವಾರ, ರಜೆಯ ಹೊತ್ತಿನಲ್ಲಿ, ಸಾಹೇಬರ ನೆಂಟರ ಎದುರು ಮೆರೆಯುವುದಕ್ಕೆಂದು ಕ್ಯಾಂಪಿನ ಕೆರೆಯಲ್ಲಿ ಸ್ಕೀ ಹಲಗೆ ಹತ್ತಿದ್ದ. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ, ಥೇಟ್ ಅಪ್ಪ ಎತ್ತು ಹಿಡಿಯಲು ಕಲಿಸಿದ ಹಾಗೆ. ಬಿದ್ದ. ದೋಣಿ ನಿಲ್ಲಲಿಲ್ಲ. ಬೆರಳು ಎರಡೂ ಆ ಕೆರೆಯ ಮೀನಿನ ಪಾಲಾದವು.

ಕೈಗೆ ಪಟ್ಟಿ ಕಟ್ಟಿಕೊಂಡು ಊರಿಗೆ ಬಂದಿಳಿದಾಗ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೇಳಿದರು, “ಬಾರ್ಡರಲ್ಲಿ ಆಯ್ತಾ ಚಲುವ?” ಅವನು “ಹ್ಞೂಂ” ಅಂದ. ಅಷ್ಟೇ. ಆ ಒಂದು ಹ್ಞೂಂ ಶಾಲಾಯಿತು, ಹಾರವಾಯಿತು, ತಮ್ಮನ ಮನೆಯ ಗೋಡೆಯ ಫೋಟೋ ಆಯಿತು. ಊರಿನ ಕಳ್ಳರನ್ನೆಲ್ಲ ಹುಡುಕಿ ಹುಡುಕಿ ಉಗಿಯುವವನು ಬೆಳಿಗ್ಗೆ ಮುಖ ತೊಳೆಯುವಾಗ ಮಾತ್ರ ಕನ್ನಡಿ ನೋಡುತ್ತಿರಲಿಲ್ಲ.

ಈಗ ಆ ಸುಳ್ಳೇ ಹುಡುಗಿಯ ಕೈಗೆ ಹಗ್ಗ ಸುತ್ತಿತ್ತು. ಬಾಂಬಿನ ಶೂರನ ಮಾತು ಹಗ್ಗದ ವಿಷಯಕ್ಕೆ ನಡೆಯಲಿಲ್ಲ. ಗದರಿದ, ಬೇಡಿಕೊಂಡ, ತಮ್ಮನಿಗೆ ದೂರು ಹೇಳಿದ. “ನೀನೇ ಇದ್ದೀಯಲ್ಲಣ್ಣ” ಎಂದು ಸ್ವಾಮಿ ಬೀಡಿ ಹಚ್ಚಿದ. ನಿಜವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಚಲುವಯ್ಯ ಹೇಳಿ ಮುಗಿಸಿದ.

ಭಾನುವಾರ ಉದ್ಘಾಟನೆ. ದೋಣಿಯ ಮೂತಿಗೆ ನಿಂಬೆಹಣ್ಣಿನ ಸರ, ದಡದ ತುಂಬ ಕುರ್ಚಿ, ಎರಡು ಬಸ್ಸಿನಷ್ಟು ಜನ. ಕೆಂಪು ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡುವ ಸೀಟಿಲ್ಲವಲ್ಲ, ಅದಕ್ಕೆ ಚಲುವಯ್ಯನಿಗೆ ಶಾಮಿಯಾನದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಿರುಗಿಸಿ ಕಟ್ಟಿದ್ದರು. ಅದನ್ನು ನೋಡಿಯೇ ಅವನು ಪಕ್ಕಕ್ಕೆ ಉಗಿದ. ದೇವರಾಜ್ ಅವನಿಗೆ ಮಿನುಗುವ ಶಾಲೊಂದು ಹೊದಿಸಿ ಮೈಕ್ ಹಿಡಿದ. “ದೇಶಕ್ಕೆ ಬೆರಳು ಕೊಟ್ಟ ನಮ್ಮ ವೀರಯೋಧ ಚಲುವಯ್ಯನವರ ಕಾವಲಲ್ಲಿ...” ಚಪ್ಪಾಳೆ ಬಿತ್ತು.

ಇಪ್ಪತ್ತು ಮಾರು ಆಚೆ, ಎದೆಮಟ್ಟದ ನೀರಿನಲ್ಲಿ ಭಾನುಪ್ರಿಯ ಹಲಗೆ ಸರಿಮಾಡಿಕೊಂಡು ಹಗ್ಗ ಸುತ್ತಿಕೊಳ್ಳುತ್ತಿದ್ದಳು. ಒಂದು ಸುತ್ತು. ಎರಡು. ಜನ ಹೆಚ್ಚಿದ್ದಾರೆಂದು ಮೂರನೆಯದನ್ನೂ ಸುತ್ತಿದಳು.

ಚಲುವಯ್ಯ ದೇವರಾಜನ ಕೈಯಿಂದ ಮೈಕ್ ಕಿತ್ತುಕೊಂಡ.

“ಭಾನಿ, ಇಲ್ನೋಡು.” ಎಡಗೈ ಎತ್ತಿದ. “ಇದು ಬಾಂಬಿಗೆ ಹೋಗಿದ್ದಲ್ಲ ಕಣವ್ವ. ಬಾರ್ಡರೂ ಇಲ್ಲ, ಯಾವ ಬೋಳೀಮಗಂದೂ ಇಲ್ಲ. ಇದೇ ಹಗ್ಗ, ಇದೇ ಆಟ. ನಿನ್ನಂಗೇ ಸುತ್ಕಂಡಿದ್ದೆ. ಇಪ್ಪತ್ತಾರು ವರ್ಸ ನಿಮ್ಗೆಲ್ಲ ಸುಳ್ಳು ಏಳ್ಕಂಡು ಶಾಲು ಹೊದ್ಕಂಡೆ. ನನ್ನಂಥ ಗಲೀಜು ನನ್ಮಗ ಈ ಸುತ್ತಲ್ಲೇ ಇಲ್ಲ. ಬಿಚ್ಚು ಅದ.”

ಜನರ ನಡುವೆ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. “ಎತ್ತಿನ ಹಗ್ಗ ಹಿಡ್ದಂಗೆ ಹಿಡ್ದಿದ್ನಾ?” ಎಂದರು ಯಾರೋ. “ಏನ್ ಚಲುವಣ್ಣ, ಮರ್ವಾದೆ ಕಳ್ದ್‌ಬುಟ್ಟೆ” ಎಂದು ದೇವರಾಜ್ ಹಲ್ಲು ಕಚ್ಚಿದ, ಮೊದಲ ಬಾರಿಗೆ ಅವನ ಮುಖದಲ್ಲಿ ನಗುವಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ತರು, ಆ ಶಾಲುಗಳನ್ನೆಲ್ಲ ಹೊದಿಸಿದವರು, ಎದ್ದು ನಿಂತು ನೆಲಕ್ಕೆ ಥೂ ಎಂದು ಉಗಿದರು. ಆ ಸದ್ದು ಚಲುವಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕಡೆಗೆ ಬಂದದ್ದು ಮಾತ್ರ ಇದೇ ಮೊದಲು.

ಭಾನುಪ್ರಿಯಳ ಮುಖ ಕಪ್ಪಿಟ್ಟಿತ್ತು. ಗೋಡೆಯ ಮೇಲಿನ ಫೋಟೋಗೆ ದಿನಾ ಕೈಮುಗಿದು ಬೆಳೆದವಳು. ಬಹಳ ಹೊತ್ತು ಅವನ ಕೈಯನ್ನೇ ನೋಡಿ, ಅವನ ಮುಖ ನೋಡದೆ, ಒಂದೊಂದೇ ಸುತ್ತು ಬಿಚ್ಚಿದಳು. ಚಲುವಯ್ಯ ಶಾಲನ್ನು ಕುರ್ಚಿಯ ಮೇಲೆ ಬಿಸಾಕಿ, ಸೊಂಟದ ಮಟ್ಟದ ನೀರಿಗಿಳಿದು ಹಗ್ಗ ಎಳೆದುಕೊಂಡ. ಹೆಗಲ ಮೇಲಿದ್ದ ಹತ್ತಿಯ ಟವಲನ್ನು ಉದ್ದಕ್ಕೆ ಹರಿದು ಅರಗಿನ ಹಿಡಿಗೆ ಬಿಗಿಯಾಗಿ ಸುತ್ತಿ, ಗಂಟು ಹಾಕಿ ಅವಳ ಕಡೆ ತೇಲಿಬಿಟ್ಟ. ಬಣ್ಣವೆಲ್ಲ ಮುಚ್ಚಿಹೋಯಿತು.

ಚಲುವಯ್ಯ ದೋಣಿ ಹತ್ತಿ ಹಿಂದಕ್ಕೆ ಮುಖ ಮಾಡಿ ಕೂತ, ದೋಣಿ ಹೊರಟಿತು. ಹುಡುಗಿ ಎದ್ದು ನಿಂತಳು. ಈ ಸಲ ಹಿಡಿ ಜಾರಲಿಲ್ಲ. ದಡದವರು ಅವಳಿಗೆ ಚಪ್ಪಾಳೆ ತಟ್ಟಿದರು. ಪ್ರಕಾಶನಿಗೆ ಅದು ತನಗೇ ಬಿದ್ದಂತಾಗಿ, ಕ್ಯಾಮೆರಾದವರ ಮುಂದೆ ಗಕ್ಕನೆ ದೋಣಿ ತಿರುಗಿಸಿದ. ಆ ಕೆಂಪು ಪೀಡೆ ತಾನೇ ಎಬ್ಬಿಸಿದ ಎದೆಯೆತ್ತರದ ಅಲೆ ಹುಡುಗಿಯ ಕಾಲಿಗೆ ಅಡ್ಡ ಬಂತು. ಹಲಗೆಯೊಂದು ಗಾಳಿಗೆ ಹಾರಿತು. ಹಗ್ಗ ಬಂದೂಕಿನಂತೆ ಸದ್ದು ಮಾಡಿ ಹಿಂದಕ್ಕೆ ಚಿಮ್ಮಿ, ಹಿಡಿ ದೋಣಿಯ ಹಿಂಬದಿಗೆ ಬಡಿದು ಎರಡು ಹೋಳಾಯಿತು.

“ಇಂಜಿನ್ ಆಫ್ ಮಾಡ್ಲಾ!” ಚಲುವಯ್ಯ ಕಿರುಚಿದ. ಇಂಜಿನ್ ನಿಂತಿತು. ನೀರಿನ ಮೇಲೆ ನೊರೆ ಬಿಟ್ಟರೆ ಏನಿಲ್ಲ. ಅವನು ಪ್ಲಾಸ್ಟಿಕ್ ಕುರ್ಚಿಯನ್ನು ಒದ್ದು, ದೋಣಿಯ ಅಂಚಿಗೆ ಮಂಡಿಯೂರಿದ.

ಕಿತ್ತಳೆ ಜಾಕೆಟ್ಟು ಮೇಲೆದ್ದಿತು. ಹುಡುಗಿ ಕೆಮ್ಮಿ, ನೀರು ಉಗಿದು, ಎರಡೂ ಕೈ ಅಗಲಿಸಿ ಎತ್ತಿದಳು.

“ಬುಟ್ಬುಟ್ಟೆ ದೊಡ್ಡಪ್ಪಾ!”

ಚಲುವಯ್ಯ ಅವಳ ಎಡಗೈಯಿಂದ ಶುರುಮಾಡಿ ಒಂದೊಂದೇ ಬೆರಳು ಎಣಿಸುತ್ತಿದ್ದ. ಕಣ್ಣು ಮಂಜಾಗಿ ಒಮ್ಮೆ ಲೆಕ್ಕ ತಪ್ಪಿತು. ಒರೆಸಿಕೊಂಡು ಮತ್ತೆ ಮೊದಲಿನಿಂದ ಎಣಿಸಿದ. ಹತ್ತೂ ಇದ್ದವು.