ಉಣ್ಣೆಗೆ ಸೂಜಿ ಹಾಕಿದ ಸಿಸ್ಟರ್

ಮಕ್ಕಳ ವಾರ್ಡಿನಲ್ಲಿ ಅವರಿಗಿದ್ದ ಹೆಸರು ಒಂದೇಟಿನ ಸಿಸ್ಟರ್. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಎಷ್ಟೇ ಸಣ್ಣ ಕೂಸಾಗಲಿ, ನರ ಎಲ್ಲೇ ಅಡಗಿ ಕೂತಿರಲಿ, ಸಿಸ್ಟರ್ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು ಒಂದು ಸಲ ಚುಚ್ಚಿದರೆ ಕೆಲಸ ಆಯಿತು. ಚುಚ್ಚಿದ ಕೂಡಲೇ "ಮುಗೀತು ಕಂದಾ" ಅನ್ನುತ್ತಿದ್ದರು. ಮಗು ಅಳಲು ಬಾಯಿ ತೆರೆಯುವ ಹೊತ್ತಿಗೆ ನಿಜವಾಗಿಯೂ ಮುಗಿದಿರುತ್ತಿತ್ತು. ಬೇರೆ ವಾರ್ಡಿನವರು ಸೋತು ಸುಸ್ತಾದಾಗ ಇವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಈ ಬಗ್ಗೆ ಸಿಸ್ಟರಿಗೆ ಜಂಬ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಜಂಬ ಇತ್ತು, ಸಲ್ಲಬೇಕಾದಷ್ಟು ಇತ್ತು.

ಆ ಜಂಬವೇ ನಿವೃತ್ತಿಯ ದಿನ ಬಾಯಿ ಹಾಕಿತು. ವಾರ್ಡಿನವರೆಲ್ಲ ಸೇರಿ ಕೇಕ್ ಕತ್ತರಿಸಿದ್ದರು. ಮಾತು ಅಲ್ಲಿಗೆ ಇಲ್ಲಿಗೆ ಹರಿದು ಕ್ರಿಸ್‌ಮಸ್ ಮರಕ್ಕೆ ಬಂತು. ವಾರ್ಡಿನಲ್ಲಿ ಪ್ರತಿವರ್ಷ ಒಂದು ಮರ ಇಡುತ್ತಿದ್ದರು. ಹಿಂದಿನ ಸಲ ಮರಕ್ಕೆ ನೇತುಹಾಕಿದ ಗಾಜಿನ ಗುಂಡು ಬಿದ್ದು ಚೂರು ಮಂಚಗಳ ಕೆಳಗೆಲ್ಲ ಸಿಡಿದಿತ್ತು. ಅದಕ್ಕೂ ಮುಂಚೆ ಪ್ಲಾಸ್ಟಿಕ್ ಗುಂಡಿನ ಬಣ್ಣವನ್ನು ಒಂದು ಕೂಸು ನೆಕ್ಕಿ ಮುಗಿಸಿತ್ತು. ಈ ವರ್ಷ ಮರ ಬೋಳಾಗಿಯೇ ಇರಲಿ ಎಂದರು ಮೇಟ್ರನ್. ಆಗ ಕಿರಿಯ ನರ್ಸ್ ಒಬ್ಬಳು ಮೊಬೈಲಿನಲ್ಲಿ ಉಣ್ಣೆಯ ಗುಂಡು, ಗಂಟೆ, ಕುರಿಮರಿಗಳ ಚಿತ್ರ ತೋರಿಸಿದಳು. "ದಾರ ಇಲ್ಲ, ಹೊಲಿಗೆ ಇಲ್ಲ. ಬರೀ ಸೂಜಿಯಿಂದ ಚುಚ್ಚಿ ಮಾಡ್ತಾರಂತೆ," ಅಂದಳು.

"ಸೂಜಿ ತಾನೇ?" ಸಿಸ್ಟರ್ ಬಾಯಲ್ಲಿದ್ದ ಕೇಕನ್ನೂ ನುಂಗಲಿಲ್ಲ. "ನಾನು ಮಾಡಿಕೊಡ್ತೀನಿ. ಮರ ತುಂಬ. ಒಂದು ಕೊಂಬೇನೂ ಖಾಲಿ ಬಿಡಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆಯುವವರಿಗೇನು, ಕೈ ಅವರದು, ಕಷ್ಟ ಇನ್ನೊಬ್ಬರದು.

ಮನೆಯಲ್ಲಿ ಗಂಡ ಸುದ್ದಿ ಕೇಳಿ ಕನ್ನಡಕ ಹಣೆಗೇರಿಸಿದರು. ಅವರು ಬಸ್ ಓಡಿಸಿ ನಿವೃತ್ತರಾದವರು, ಮಾತಿನಲ್ಲಿ ಬ್ರೇಕ್ ಕಡಿಮೆ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಉಣ್ಣೆ ಕುರಿ ಮೈಮೇಲೆ ಇರುತ್ತೆ ಅನ್ನೋದು ಬಿಟ್ಟು ನಿನಗೆ ಅದರ ಬಗ್ಗೆ ಇನ್ನೇನು ಗೊತ್ತು?"

"ಕಲಿತೀನಿ," ಅಂದರು ಸಿಸ್ಟರ್.

ಗುಂಡಿ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಮುದುಕಿ ಇದನ್ನು ಕಲಿಸುತ್ತಿದ್ದಳು. ಒಂದು ಕಾಲದಲ್ಲಿ ಟೋಪಿ ಮಾಡಿ ಬದುಕಿದವಳು, ಅದಕ್ಕೇ ಎಲ್ಲರೂ ಅವಳನ್ನು ಟೋಪಿಯಜ್ಜಿ ಅನ್ನುತ್ತಿದ್ದರು. ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಇಟ್ಟಿಗೆಯಷ್ಟು ದಪ್ಪದ ಸ್ಪಂಜು, ನಡುವೆ ಬಣ್ಣಬಣ್ಣದ ಉಣ್ಣೆಯ ರಾಶಿ. ಅಜ್ಜಿ ಸೂಜಿಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಅದರ ಮೈಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಚ್ಚುಗಳು. ಒಳಗೆ ಹೋಗುವಾಗ ಅವು ಉಣ್ಣೆಯ ಎಳೆಗಳನ್ನು ಎಳೆದುಕೊಂಡು ಹೋಗಿ ಅಲ್ಲೇ ಬಿಟ್ಟು ಬರುತ್ತವೆ. ಚುಚ್ಚಿದಷ್ಟೂ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಗಟ್ಟಿಯಾಗುತ್ತದೆ. "ನೇರ ಒಳಗೆ, ನೇರ ಹೊರಗೆ. ಓರೆ ಮಾಡಿದ್ರೆ ಸೂಜಿ ಮುರಿಯುತ್ತೆ. ನನ್ನ ಹತ್ರ ಸೂಜಿ ಹೆಚ್ಚಿಲ್ಲ, ಹುಷಾರು."

ಸಿಸ್ಟರ್ ಕೆಂಪು ಉಣ್ಣೆ ಉಂಡೆ ಕಟ್ಟಿದರು. ಎಡಗೈ ಹೆಬ್ಬೆರಳಿನಿಂದ ಒಂದು ಕಡೆ ಎಳೆದು ಹಿಡಿದರು. ಚುಚ್ಚಿದರು. ಸೂಜಿ ತೆಗೆದು ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದರು. ಆಮೇಲೆ, ಕೈಗೆ ತಾನಾಗಿಯೇ ಬಂದ ಕೆಲಸ, ಸೂಜಿಯನ್ನು ಮೇಜಿನ ಅಂಚಿಗೆ ಒತ್ತಿ ಪಟ್ ಅಂತ ಮುರಿದು ಖಾಲಿ ಡಬ್ಬಿಯೊಂದಕ್ಕೆ ಹಾಕಿ, ಇನ್ನೊಂದು ಸೂಜಿಗೆ ಕೈ ಚಾಚಿದರು.

ಮೇಜಿನ ಸುತ್ತ ಕೂತವರೆಲ್ಲ ಇತ್ತ ತಿರುಗಿದರು.

"ಯಾಕಮ್ಮಾ ಮುರಿದೆ?" ಅಜ್ಜಿ ಕೇಳಿದಳು.

"ಒಂದು ಸಲ ಬಳಸಿದ್ದು..." ಅನ್ನುವಾಗ ಸಿಸ್ಟರಿಗೆ ತಾನೇನು ಮಾಡಿದೆ ಅನ್ನುವುದು ಹೊಳೆಯಿತು. ಕಿವಿ ಬಿಸಿಯಾಯಿತು. ಕಲಿಯುವ ಕಾಲದಲ್ಲಿ ಹೊಡೆದು ಹೇಳಿಕೊಟ್ಟ ಪಾಠ, ಬಳಸಿದ ಸೂಜಿ ಮುರಿದು ಹಾಕಬೇಕು. ಆಸ್ಪತ್ರೆಗೆ ಸೂಜಿ ಸುಡುವ ಮಷೀನು ಬಂದು ಎಷ್ಟೋ ವರ್ಷವಾದರೂ ಬೆರಳು ಮರೆತಿರಲಿಲ್ಲ.

"ಈ ಉಣ್ಣೆಗೆ ಯಾವ ಕಾಯಿಲೆ ಅಂಟುತ್ತೆ?" ಅಂದಳು ಅಜ್ಜಿ. ಪಕ್ಕದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಸ್ಟರೂ ನಕ್ಕರು. ನಗದೆ ಬೇರೆ ದಾರಿ ಇರಲಿಲ್ಲ.

ಸೂಜಿ ಮುರಿಯುವುದನ್ನು ಬಿಡಬಹುದು, ಬಿಟ್ಟರು. ಕೈ ಮಾತ್ರ ಬಗ್ಗಲಿಲ್ಲ. ಒಂದು ಸಲ ಚುಚ್ಚಿದ ಜಾಗಕ್ಕೆ ಮತ್ತೆ ಚುಚ್ಚು ಅಂದರೆ ಮಣಿಕಟ್ಟು ಮೇಲೆಯೇ ನಿಂತುಬಿಡುತ್ತಿತ್ತು. ಇದಕ್ಕೆ ಬೇಕಾದ್ದು ನೂರಾರು ಏಟು, ಇವರ ಕೈಯಲ್ಲಿ ಇದ್ದದ್ದು ಒಂದು. ಮನೆಯಲ್ಲಿ ಕೂತು ಮಾಡಿದ ಗುಂಡುಗಳೆಲ್ಲ ಊದಿಕೊಂಡು ಮೆತ್ತಗೆ ಕೂತಿದ್ದವು. ಗಂಡ ಒಂದಕ್ಕೆ ದಾರ ಕಟ್ಟಿ ಕಿಟಕಿಗೆ ನೇತುಹಾಕಿದರು. ಫ್ಯಾನ್ ಹಾಕಿದಾಗ ದಾರ ಅಲ್ಲೇ ಉಳಿಯಿತು, ಗುಂಡು ಬಿಚ್ಚಿಕೊಂಡು ಕೋಣೆಯಲ್ಲೆಲ್ಲ ಹಾರಾಡಿತು.

"ಇದು ಗುಂಡೋ, ಗುಂಡಿನ ಆತ್ಮವೋ?" ಅಂದರು ಗಂಡ.

"ಉಣ್ಣೆನೇ ಸರಿ ಇಲ್ಲ," ಅಂದರು ಸಿಸ್ಟರ್.

"ಹೌದು, ಕುಣಿಯಲಾರದವಳಿಗೆ ನೆಲ ಡೊಂಕು."

ಸಿಸ್ಟರ್ ಹಾರಿಹೋದ ಉಣ್ಣೆಯನ್ನು ಹೆಕ್ಕತೊಡಗಿದರು. ಹಬ್ಬ ಹತ್ತಿರ ಬರುತ್ತಿತ್ತು. ಮೇಟ್ರನ್ ಫೋನ್ ಮಾಡಿ, ಮಕ್ಕಳಿಗೆಲ್ಲ ಹೇಳಿಬಿಟ್ಟಿದ್ದೀವಿ ಅಂದಿದ್ದರು. ಗಂಡನಿಗೆ ಪಾಪ ಅನ್ನಿಸಿತೋ ಏನೋ, ಸಂಜೆ ಹತ್ತಿರ ಬಂದು ಕೂತರು. "ದೊಡ್ಡ ಅಂಗಡೀಲಿ ಇಂಥವು ಸಿಗುತ್ತಂತೆ. ತಂದು ಕೊಟ್ಟುಬಿಡೋಣ. ನೀನೇ ಮಾಡಿದ್ದು ಅಂದ್ರೆ ಯಾರು ಕೇಳ್ತಾರೆ?"

ಸಿಸ್ಟರ್ ಎದ್ದು ನಿಂತರು. "ಜ್ವರ ನೋಡದೆ ಯಾವತ್ತಾದ್ರೂ ಚಾರ್ಟಲ್ಲಿ ಬರೆದಿದ್ದೀನಾ ನಾನು? ಕೊಡದ ಔಷಧಿ ಕೊಟ್ಟೆ ಅಂದಿದ್ದೀನಾ? ಇಷ್ಟು ವರ್ಷ ಮಾಡದ್ದನ್ನ ಈಗ ಮಕ್ಕಳ ಮರಕ್ಕೆ ಮಾಡ್ಲಾ? ಆಗಲ್ಲ ಅಂದ್ರೆ ಆಗಲ್ಲ ಅಂತ ಹೋಗಿ ಹೇಳ್ತೀನಿ. ಸುಳ್ಳು ನೇತುಹಾಕಲ್ಲ."

ಗಂಡ ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಹೋದರು. ಸಿಸ್ಟರಿಗೆ ಅಳು ಬಂತು. ವಾರ್ಡಿಗೆ ಹೋಗಿ ಆಗಲಿಲ್ಲ ಅನ್ನುವುದು ಹೇಗೆ?

ಮರುದಿನ ತರಗತಿಯಲ್ಲಿ ಟೋಪಿಯಜ್ಜಿ ಅವರ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಕೈ ನೋಡಲಿಲ್ಲ, ಬಾಯಿ ನೋಡಿದಳು.

"ಏನೋ ಗೊಣಗ್ತೀಯಲ್ಲ, ಏನದು?"

"ನಾನೇನೂ ಅಂತಿಲ್ಲ."

"ಅಂತಿದ್ದೀಯ. ಒಂದೊಂದು ಸಲ ಚುಚ್ಚಿದಾಗ್ಲೂ ಮುಗೀತು ಅಂತಿದ್ದೀಯ. ಮುಗೀತು ಅಂದ ಮೇಲೆ ಕೈ ಯಾಕೆ ಮುಂದೆ ಹೋಗುತ್ತೆ? ಅದು ಹೇಳಿದ ಮಾತು ಕೇಳ್ತಿದೆ. ಇನ್ನೊಂದು ಅನ್ನು."

ಹೇಳುವುದೇನೋ ಸುಲಭ. ಆದರೆ ಸೂಜಿ ಹಿಡಿದು ಇನ್ನೊಂದು ಅನ್ನುವುದು ಸಿಸ್ಟರ್ ಜೀವಮಾನದಲ್ಲಿ ಯಾವ ಮಗುವಿಗೂ ಆಡದ ಮಾತು. ಅದಕ್ಕಿಂತ ಕ್ರೂರವಾದ ಮಾತು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಉಣ್ಣೆಯ ಕಡೆ ನೋಡಿ, "ಇನ್ನೊಂದು," ಅಂದರು ಮೆಲ್ಲಗೆ. ಸೂಜಿ ಇಳಿಯಿತು. "ಇನ್ನೊಂದು." ಮತ್ತೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲೆಲ್ಲ ಅವರದೇ ಸದ್ದು. ಅಜ್ಜಿ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ತಗ್ಗು ಬೀಳಲಿಲ್ಲ. "ಇದು ಗುಂಡು," ಅಂದಳು, ಅಷ್ಟೇ. ಸಿಸ್ಟರ್ ಅದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದು ಗಂಡನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟರು. ಅವರು ಅದನ್ನು ನೆಲಕ್ಕೆ ಕುಕ್ಕಿ ನೋಡಿದರು, ಗುಂಡು ಬಿಚ್ಚಿಕೊಳ್ಳಲಿಲ್ಲ. ಕನ್ನಡಕ ಹಣೆಗೇರಿಸಿ ಇನ್ನೊಂದು ಸಲ ಕುಕ್ಕಿದರು.

ಅಲ್ಲಿಂದ ಸಿಸ್ಟರ್ ಕೂತಲ್ಲಿ ನಿಂತಲ್ಲಿ ಅದೇ ಕೆಲಸ. ಗುಂಡು, ಗಂಟೆ, ನಕ್ಷತ್ರ, ಒಂದು ಕಡೆ ವಾಲಿದ ಕುರಿಮರಿ. ಕುರಿಮರಿಗೆ ಮಣಿಯ ಕಣ್ಣು ಇಡು ಅಂದಳು ಅಜ್ಜಿ. ಸಿಸ್ಟರ್ ಒಪ್ಪಲಿಲ್ಲ. ಮಕ್ಕಳ ಮೂಗಿನಿಂದ ಮಣಿ ತೆಗೆಯುವುದಕ್ಕೆ ಎಷ್ಟು ಸಲ ಡಾಕ್ಟರಿಗೆ ಟಾರ್ಚ್ ಹಿಡಿದಿದ್ದರೋ, ಕಣ್ಣನ್ನೂ ಕಪ್ಪು ಉಣ್ಣೆಯಿಂದಲೇ ಚುಚ್ಚಿ ಕೂರಿಸಿದರು. ಅವಸರದಲ್ಲಿ ಸೂಜಿ ಬೆರಳಿಗೂ ಇಳಿಯುತ್ತಿತ್ತು. ಗಂಡ ಪ್ಲಾಸ್ಟರ್ ಹಚ್ಚುತ್ತ, "ಈಗ ಗೊತ್ತಾಯ್ತಾ, ಮಕ್ಕಳು ಯಾಕೆ ಅಳ್ತಿದ್ರು ಅಂತ?" ಅನ್ನುತ್ತಿದ್ದರು.

ಚೀಲ ತುಂಬಿದ ದಿನ ಇಬ್ಬರೂ ಆಸ್ಪತ್ರೆಗೆ ಹೋದರು. ವಾರ್ಡಿನ ಬಾಗಿಲಲ್ಲೇ ಸಿಸ್ಟರ್ ಕಾಲು ನಿಂತಿತು. ಮರ ಹಿಂದಿನ ವರ್ಷಗಳ ಮರಕ್ಕಿಂತ ಎರಡರಷ್ಟು ಇತ್ತು. "ನೀವು ಮಾತು ಕೊಟ್ಟಿದ್ರಲ್ಲ, ಅದಕ್ಕೇ ದೊಡ್ಡದು ತರಿಸಿದೆ," ಅಂದರು ಮೇಟ್ರನ್ ಸಂಭ್ರಮದಿಂದ. ಎಲ್ಲರೂ ಸೇರಿ ಕಟ್ಟಿದರು. ಚೀಲ ಬರಿದಾಯಿತು, ಮುಂಭಾಗ ಮದುವೆಮನೆಯ ಹಾಗೆ ಕಂಡಿತು, ಹಿಂಭಾಗ ಪೂರ್ತಿ ಬೋಳು.

"ಗೋಡೆ ಕಡೆ ತಿರುಗಿಸಿ ಒರಗಿಸಿಬಿಡೋಣ. ಯಾರಿಗೂ ಕಾಣಲ್ಲ," ಅಂದರು ಮೇಟ್ರನ್.

ಸಿಸ್ಟರ್ ವಾರ್ಡನ್ನು ಒಂದು ಸುತ್ತು ನೋಡಿದರು. ಗೋಡೆಗೆ ಒರಗಿಸಿದರೆ ಆ ಗೋಡೆಗೆ ತಲೆ ಹಾಕಿ ಮಲಗಿದ ಸಾಲಿನವರಿಗೆ ಮರವೇ ಕಾಣುವುದಿಲ್ಲ. ಆ ಸಾಲಿನಲ್ಲಿ ಇರುವವರು ಮೂಳೆ ಮುರಿದು ಕಾಲಿಗೆ ಭಾರ ಕಟ್ಟಿ ಮಲಗಿಸಿದ ಮಕ್ಕಳು, ಕತ್ತು ತಿರುಗಿಸಲೂ ಕಷ್ಟಪಡುವವರು. "ಮರ ನಡುವೇನೇ ಇರ್ಲಿ," ಅಂದರು. "ಮಲಗಿದ ಮಗುವಿಗೆ ಹಿಂದೆ ಯಾವುದು, ಮುಂದೆ ಯಾವುದು? ಹಬ್ಬಕ್ಕೆ ಇನ್ನೂ ದಿನ ಇದೆ. ಒಂದು ಕುರ್ಚಿ ಕೊಡಿ."

ಅಂದಿನಿಂದ ದಿನಾ ಬೆಳಿಗ್ಗೆ ಡ್ಯೂಟಿಗೆ ಬಂದ ಹಾಗೆ ಬಂದು, ಮರದ ಬೋಳು ಬದಿಗೆ ಕುರ್ಚಿ ಹಾಕಿ, ತೊಡೆಯ ಮೇಲೆ ಸ್ಪಂಜು ಇಟ್ಟುಕೊಂಡು ಚುಚ್ಚುತ್ತ ಕೂತರು. ಭಾರ ಕಟ್ಟಿಸಿಕೊಂಡ ಮಕ್ಕಳು ಮಲಗಿದಲ್ಲಿಂದಲೇ ಆಜ್ಞೆ ಹೊರಡಿಸುತ್ತಿದ್ದರು, ನನಗೆ ಬಸ್ಸು, ನನಗೆ ಮೀನು, ನನಗೆ ನೀಲಿ ಬೆಕ್ಕು. ನೀಲಿ ಬೆಕ್ಕು ಎಲ್ಲಿರುತ್ತೆ ಅಂತ ಜಗಳವಾಡುತ್ತಲೇ ಸಿಸ್ಟರ್ ಮಾಡಿಕೊಟ್ಟರು. ಬಸ್ಸಿಗೆ ಚಕ್ರ ಎಲ್ಲಿ ಬರಬೇಕು ಅನ್ನುವುದನ್ನು ಗಂಡನೇ ನಿಂತು ಹೇಳಿಕೊಟ್ಟರು.

ಹಬ್ಬದ ಹಿಂದಿನ ದಿನ ಕೊನೆಯ ಕೊಂಬೆಗೆ ಮೀನು ಕಟ್ಟಲು ಸಿಸ್ಟರ್ ಮರದ ಹಿಂದೆ ಬಗ್ಗಿದ್ದರು. ಅಷ್ಟರಲ್ಲಿ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಮರದ ಸುತ್ತ ಪೂರ್ತಿ ಒಂದು ಸುತ್ತು ಬರಲು ಹೊರಟವರು ಅರ್ಧಕ್ಕೇ ನಿಂತು, ಬಾಗಿಲ ಬಳಿ ಇದ್ದ ಗಂಡನನ್ನು ಕೇಳಿದರು: "ಭಾಳ ಚೆನ್ನಾಗಿದೆ. ಯಾವ ಅಂಗಡಿಯಿಂದ ತರಿಸಿದ್ದು ಇದೆಲ್ಲ?"

ಎಲೆಗಳ ಸಂದಿಯಲ್ಲಿ ಸಿಸ್ಟರ್ ಕೈ ಹಾಗೇ ನಿಂತಿತು.

"ಅಂಗಡೀದು ಒಂದೂ ಇಲ್ಲ ಡಾಕ್ಟ್ರೇ." ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿ ಗಂಡನದು, ವಾರ್ಡಿನ ಕೊನೆಯ ಮಂಚಕ್ಕೂ ಕೇಳಿತು. "ತರೋಣ ಅಂದವನು ನಾನು. ಬೈಸ್ಕೊಂಡೆ. ಪ್ರತಿಯೊಂದನ್ನೂ ನನ್ನ ಹೆಂಡ್ತಿನೇ ಕೂತು ಮಾಡಿದ್ದು. ಸುತ್ತ ಬಂದು ನೋಡಿ, ಎಲ್ಲೂ ಖಾಲಿ ಬಿಟ್ಟಿಲ್ಲ."

ಡಾಕ್ಟರು ಉಳಿದ ಅರ್ಧ ಸುತ್ತು ಬಂದರು. ಅಲ್ಲಿ ಸಿಸ್ಟರ್ ಹತ್ತು ಬೆರಳಿಗೂ ಪ್ಲಾಸ್ಟರ್ ಸುತ್ತಿಕೊಂಡು ಮೀನಿಗೆ ಗಂಟು ಹಾಕುತ್ತಿದ್ದರು. ಕಣ್ಣು ಒದ್ದೆಯಾಗಿತ್ತು, ಮುಖ ಬೆಳಗುತ್ತಿತ್ತು. ಗಂಟು ಬಿಗಿಯಾಗಿದೆಯೋ ಇಲ್ಲವೋ ಅಂತ ಒಂದು ಸಲ ಎಳೆದು ನೋಡಿ, ಆಮೇಲೆ ಡಾಕ್ಟರಿಗೆ ನಮಸ್ಕಾರ ಹೇಳಿದರು.